ಐಬೆಕ್ಸ್ ಬೇಲಿ ಬೇರೆ, ಲೈನ್ ಕರೆಂಟ್ ಬೇರೆ: ಗೊತ್ತಿಲ್ಲದೆ ತಂತಿ ಎಳೆದರೆ ಜೀವಕ್ಕೇ ಕುತ್ತು

ಹಳಿಯಾಳ: ಭತ್ತ ತೆನೆ ಕಟ್ಟಿದರೆ ಸಾಕು, ಹಳಿಯಾಳ, ಮುಂಡಗೋಡ ಭಾಗದ ರೈತರಿಗೆ ರಾತ್ರಿ ನಿದ್ದೆ ಇಲ್ಲ. ದಾಂಡೇಲಿ ಕಾಡಿನ ಕಡೆಯಿಂದ ಆನೆ ಬಂದು ಗದ್ದೆ, ಕಬ್ಬು ತುಳಿದು ಹೋಗುತ್ತವೆ. ಗೋವಿನಜೋಳಕ್ಕೆ ಹಂದಿ ಕಾಟ. ಜೋಯಿಡಾದ ತೋಟಗಳಲ್ಲಿ ಬಾಳೆ, ತೆಂಗು ಮಂಗನ ಪಾಲು. ಬೇಸತ್ತವರು ಬೇಲಿಗೆ ಕರೆಂಟ್ ಕೊಡೋಣ ಅನ್ನುವುದರಲ್ಲಿ ಆಶ್ಚರ್ಯವೇನಿಲ್ಲ. ಯಾವ ಕರೆಂಟ್ ಅನ್ನೋದೇ ಪ್ರಶ್ನೆ.

2025ರ ನವೆಂಬರ್‌ನಲ್ಲಿ ಪಕ್ಕದ ಖಾನಾಪುರ ತಾಲ್ಲೂಕಿನ ಸುಳೇಗಾಳಿಯಲ್ಲಿ ವಿದ್ಯುತ್ ತಗುಲಿ ಎರಡು ಕಾಡಾನೆ ಸತ್ತವು. ಹಳಿಯಾಳದ ಗಡಿಗೆ ಹೊಂದಿಕೊಂಡ ತಾಲ್ಲೂಕು ಅದು. ಕಾಡಾನೆಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಐಬೆಕ್ಸ್ ಎಂದು ಎಲ್ಲರೂ ಕರೆಯುವ ಸೌರ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇರುತ್ತೆ, ಆದರೂ ಕೊಲ್ಲುವುದಿಲ್ಲ. ಕಾರಣ, 12 ವೋಲ್ಟ್ ಬ್ಯಾಟರಿಗೆ ಜೋಡಿಸಿದ ಎನರ್ಜೈಸರ್ ಪೆಟ್ಟಿಗೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಮಾತ್ರ ಕರೆಂಟ್ ಬಿಡುತ್ತೆ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತೆ, ಸರಿಯಲು ಅದಕ್ಕೆ ಸಮಯವೂ ಸಿಗುತ್ತೆ. ಪಂಪ್‌ಸೆಟ್ ಅಥವಾ ಮನೆ ಲೈನಿನ 230 ವೋಲ್ಟ್ ಹಾಗಲ್ಲ. ಅದು ಬಿಡದೆ ಹರಿಯುತ್ತೆ, ಮಾಂಸಖಂಡ ಬಿಗಿದು ಹಿಡಿದ ಕೈ ಬಿಡಿಸಲಾಗದು. ಎಂಸಿಬಿ ಇದೆಯಲ್ಲ, ಬೀಳುತ್ತೆ ಅನ್ನುವವರಿದ್ದಾರೆ. ಬೀಳಲ್ಲ. ಮೈಯಲ್ಲಿ 0.1 ಆಂಪಿಯರ್ ಹರಿದರೂ ಜೀವ ಹೋಗಬಹುದು, 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಹಂದಿಗೆಂದು ಹಾಕಿದ ತಂತಿಗೆ ಮೊದಲು ಸಿಗುವವರು ಯಾರು? ರಾತ್ರಿ ನೀರು ಬಿಡಲು ಹೋದ ಮನೆಯವನೇ, ಇಲ್ಲಾ ಬೆಳಗ್ಗೆ ದನ ಹೊಡೆದುಕೊಂಡು ಬಂದ ಗೌಳಿ ಹುಡುಗ.

ಕಾನೂನೂ ಸಡಿಲ ಇಲ್ಲ. ಲೈನಿಗೆ ಕೊಕ್ಕೆ ಹಾಕಿದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಕಳವು. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 3ರಿಂದ 7 ವರ್ಷ ಜೈಲು. ಮನುಷ್ಯ ಸತ್ತರೆ ಪೊಲೀಸ್ ಕೇಸ್ ಬೇರೆ.

ಇನ್ನು ಸರಿಯಾದ ಐಬೆಕ್ಸ್ ಹಾಕಿದವರೂ ಎಡವುವುದು ಅರ್ಥಿಂಗ್‌ನಲ್ಲಿ. ಮಳೆಗಾಲದಲ್ಲಿ ಚೆನ್ನಾಗಿ ಹೊಡೆದ ಬೇಲಿ ಬೇಸಿಗೆಯಲ್ಲಿ ಚುರುಕು ಕಳೆದುಕೊಂಡರೆ ಪೆಟ್ಟಿಗೆಯನ್ನು ಬೈಯಬಾರದು, ಒಣಗಿದ ಮಣ್ಣಲ್ಲಿ ಅರ್ಥ್ ಸಿಗುತ್ತಿಲ್ಲ ಅಷ್ಟೆ. ರಾಡ್ ಹೆಚ್ಚಿಸಿ, ಆಳಕ್ಕೆ ಇಳಿಸಿ, ಸುತ್ತ ತೇವ ಇಡಬೇಕು. ಬೇಲಿಯ ಅರ್ಥ್ ಮನೆಯ ಅರ್ಥ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಮಳೆಗಾಲದ ತೊಂದರೆ ಇನ್ನೊಂದು: ಜೋಯಿಡಾ ಕಡೆ ಹುಲ್ಲು ಬೇಗ ಎದ್ದು ತಂತಿ ಮುಟ್ಟುತ್ತೆ, ಕರೆಂಟೆಲ್ಲ ಹುಲ್ಲಿಗೇ ಇಳಿದು ಹೋಗುತ್ತೆ. ಸವರುತ್ತಲೇ ಇರಬೇಕು. ಮಂಗನಿಗೆ ಮಾತ್ರ ಈ ಬೇಲಿ ದೊಡ್ಡ ಅಡ್ಡಿಯಲ್ಲ, ಮರದಿಂದ ಮರಕ್ಕೆ ಹಾರಿ ಬರುತ್ತೆ.

ಹಳೇ ಮುಳ್ಳುತಂತಿಗೇ ಎನರ್ಜೈಸರ್ ಜೋಡಿಸುವ ಉಳಿತಾಯ ಬೇಡವೇ ಬೇಡ. ಬಟ್ಟೆ, ಚರ್ಮ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವಷ್ಟರಲ್ಲಿ ಹೊಡೆತದ ಮೇಲೆ ಹೊಡೆತ ಬೀಳುತ್ತೆ. ನುಣುಪಾದ ಜಿಐ ತಂತಿಯೇ ಆಗಬೇಕು. ಹೆಸ್ಕಾಂ ಲೈನಿನ ಕೆಳಗೆ ಉದ್ದಕ್ಕೂ ಬೇಲಿ ಎಳೆಯಬಾರದು. ಲೈನ್ ಹರಿದು ಬಿದ್ದರೆ ಒಳ್ಳೆ ಬೇಲಿಯೂ ಕೊಲ್ಲುವ ಬೇಲಿಯೇ. ದಾರಿ ಪಕ್ಕ ಹಳದಿ ಬೋರ್ಡ್ ತೂಗುಹಾಕಬೇಕು.

ಇಲ್ಲಿ ಅಂಗಡಿಯವರ ಪಾತ್ರವೂ ಸಣ್ಣದಲ್ಲ. ತಂತಿ, ಇನ್ಸುಲೇಟರ್ ಮಾತ್ರ ಕೇಳಿ ಪೆಟ್ಟಿಗೆ ಬೇಡ ಅನ್ನುವ ಗಿರಾಕಿಯನ್ನು ಕರೆಂಟ್ ಎಲ್ಲಿಂದ ಕೊಡ್ತೀರಿ ಎಂದು ಒಂದು ಮಾತು ಕೇಳಿದರೆ ಗಂಟೇನೂ ಹೋಗಲ್ಲ. ಪೆಟ್ಟಿಗೆ ಮಾರುವಾಗ ಐಎಸ್ಐ ಗುರುತು ಇದೆಯೇ ನೋಡಿ ಮಾರಬೇಕು. ಸೌರ ಬೇಲಿಗೆ ಸಹಾಯಧನದ ಬಗ್ಗೆ ರೈತರು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ತಂತಿಗೆ ಯಾರಾದರೂ ಸಿಕ್ಕಿಬಿದ್ದರೆ ಮುಟ್ಟಬೇಡಿ, ಮೊದಲು ಮೇನ್ ಸ್ವಿಚ್ ತೆಗೆಯಿರಿ. ಹೆಸ್ಕಾಂಗೆ 1912, ಅರಣ್ಯ ಇಲಾಖೆಗೆ 1926.