ಅಡ್ಡಹೆಸರೇ ವಂಶಾವಳಿಯಲ್ಲ

ಕಬ್ಬಿಣದ ನೇಗಿಲನ್ನು ರೂಪಿಸಿ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ (1869-1956) ವಂಶಮೂಲದ ಚರ್ಚೆ ಸಾಮಾನ್ಯವಾಗಿ ಅವರ ಅಡ್ಡಹೆಸರಿನಲ್ಲಿಯೇ ಮುಗಿದುಬಿಡುತ್ತದೆ. 'ಕರ್' ಪ್ರತ್ಯಯವು ಊರನ್ನು ಸೂಚಿಸುವುದರಿಂದ ಕೊಂಕಣದ ಕಿರ್ಲೋಸ್ ಗ್ರಾಮದತ್ತ ಬೆರಳು ಮಾಡುವುದು ಸುಲಭ. ಆದರೆ ಇಂತಹ ಹೆಸರು ಮನೆತನವು ಬಿಟ್ಟುಬಂದ ಊರನ್ನು ಹೇಳುತ್ತದೆಯೇ ಹೊರತು ನೆಲೆನಿಂತ ಊರನ್ನಲ್ಲ. ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಜನಿಸಿದ್ದೂ ಅಲ್ಲಿಯೇ. ಊರೊಂದೇ, ಅಡ್ಡಹೆಸರೊಂದೇ ಆದರೂ ನಂಟಿನ ಎಳೆಯನ್ನು ತಲೆಮಾರು ತಲೆಮಾರಾಗಿ ಆಧಾರಸಹಿತ ತೋರಿಸುವುದೇ ಸಂಶೋಧನೆಯ ಶಿಸ್ತು.

ಆ ಆಧಾರಗಳು ಎಲ್ಲಿವೆ? ಇನಾಮು ಪತ್ರಗಳಲ್ಲಿ, ಮನೆತನದ ಕಾಗದಗಳಲ್ಲಿ, ಪೇಶ್ವೆಕಾಲೀನ ದಫ್ತರಗಳಲ್ಲಿ. ಇವುಗಳಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿವೆ. ಮರಾಠಿಯ ಬರಹವೆಂಬ ಕಾರಣಕ್ಕೆ ಅವನ್ನು ಬದಿಗಿರಿಸಿದರೆ ನಮ್ಮದೇ ಗ್ರಾಮಗಳ ಚರಿತ್ರೆಯನ್ನು ನಾವೇ ಕೈಬಿಟ್ಟಂತೆ. 1910ರಲ್ಲಿ ಕಾರ್ಖಾನೆಯು ಔಂಧ್ ಸಂಸ್ಥಾನದ ನೆಲದಲ್ಲಿ, ಮುಂದೆ ಕಿರ್ಲೋಸ್ಕರವಾಡಿಯೆನಿಸಿದ ತಾಣದಲ್ಲಿ, ನೆಲೆಗೊಂಡಿತು. ಮನೆತನದ ನೆನಪಿಗೆ ಮಾತ್ರ ಗಡಿಯಿಲ್ಲ. ಅವರು ನಮ್ಮವರೋ ಅನ್ಯರೋ ಎಂಬ ವಾಗ್ವಾದಕ್ಕಿಂತ, ಹಳಗನ್ನಡ ಶಾಸನಗಳನ್ನು ಓದಲು ಕಲಿಸುವ ನಮ್ಮ ವಿಭಾಗಗಳು ಮೋಡಿಯನ್ನೂ ಕಲಿಸುವುದು ಹೆಚ್ಚು ಫಲಕಾರಿ.