ಹಗ್ಗಕ್ಕೆ ತಳ್ಳೋಕೆ ಬರಲ್ಲ

ಹಿಮ ತುಂಬಿದ ಗುಡ್ಡದ ದಾರಿಯಲ್ಲಿ ಮುಂದೆ ನಾಯಿ, ಹಿಂದೆ ಸ್ಕೀ ಕಟ್ಟಿಕೊಂಡ ಮನುಷ್ಯ, ಮಧ್ಯೆ ಒಂದು ಹಗ್ಗ. ಈ ಆಟದ ಹೆಸರು ಸ್ಕೀಜೋರಿಂಗ್. ಪದ ನಾರ್ವೆಯದು. ನಾರ್ವೆಯಿಂದ ಅಲಾಸ್ಕಾವರೆಗೂ ಚಳಿಗಾಲ ಬಂದ್ರೆ ಜನ ಹೀಗೇ ಹೊರಡ್ತಾರೆ. ಇಂಥ ವೀಡಿಯೊ ನಮ್ಮ ಹಾಸ್ಟೆಲ್‌ನಲ್ಲಿ ಯಾರಾದ್ರೂ ತೋರಿಸಿದ್ರೆ ಬರೋ ಮೊದಲ ಮಾತು ಒಂದೇ: "ಪಾಪ ಕಣೋ ನಾಯಿ." ತೀರ್ಪು ಅಲ್ಲಿಗೇ ಮುಗೀತು. ನಮಗನ್ನಿಸೋದು, ಈ ಪಾಪ ತಪ್ಪು ಜಾಗದಲ್ಲಿ ಬೀಳ್ತಿದೆ.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪು ಮಾಡ್ಕೊಳ್ಳಿ. ಹಗ್ಗದಲ್ಲಿ ಟೆನ್ಶನ್ ಮಾತ್ರ ಇರೋಕೆ ಸಾಧ್ಯ. ಎಳೆಯಬಹುದು, ತಳ್ಳೋಕೆ ಬರಲ್ಲ. ಅಂದ್ರೆ ಹಿಂದಿರೋನು ನಾಯಿಯನ್ನ ಮುಂದಕ್ಕೆ ದೂಡೋಕೆ ಆಗಲ್ಲ. ಕೈಯಲ್ಲಿ ಲಗಾಮಿಲ್ಲ, ಚಾಟಿಯಿಲ್ಲ. ಇರೋದು ಬಾಯಿಮಾತು ಮಾತ್ರ. ಅಮೆರಿಕದಲ್ಲಿ 'ಜೀ' ಅಂದ್ರೆ ಬಲಕ್ಕೆ, 'ಹಾ' ಅಂದ್ರೆ ಎಡಕ್ಕೆ, 'ವೋ' ಅಂದ್ರೆ ನಿಲ್ಲು. ನಾಯಿಗೆ ಮನಸ್ಸಿಲ್ಲ ಅಂದ್ರೆ ದಾರಿ ಮಧ್ಯೆ ಕೂತ್ಬಿಡುತ್ತೆ, ಸವಾರಿ ಅಲ್ಲಿಗೆ ಮುಗೀತು. ಮನುಷ್ಯನೂ ಸುಮ್ನೆ ನಿಂತು ಎಳೆಸಿಕೊಳ್ಳಲ್ಲ. ಕಾಲಲ್ಲಿ ಒದೀತಾ, ಕೈಯಲ್ಲಿ ಕೋಲು ಊರ್ತಾ ಅವನೂ ಬೆವರು ಸುರಿಸ್ತಾನೆ.

ಸಲಕರಣೆಯನ್ನೂ ನೋಡಿ. ನಾಯಿಯ ಪಟ್ಟಿ ಕತ್ತು ಹಿಸುಕೋ ಹಾಗಿರಲ್ಲ, ಭಾರ ಎದೆ ಮತ್ತು ಮೈಮೇಲೆ ಹಂಚಿಹೋಗುತ್ತೆ. ಹಗ್ಗದಲ್ಲಿ ಬಂಜಿ ಎಲಾಸ್ಟಿಕ್ ಇರುತ್ತೆ. ಜರ್ಕ್ ಬಂದಾಗ ಅದು ಹಿಗ್ಗಿ, ಬಲ ಒಮ್ಮೆಲೇ ಬಡಿಯದ ಹಾಗೆ ನೋಡ್ಕೊಳ್ಳುತ್ತೆ. ಅದೇ ನಾವು ಪರೀಕ್ಷೆಗೆ ಬರೆದು ಮರೆತ ಇಂಪಲ್ಸ್. ಅಂಚಿಗೆ ಲೋಹ ಇರೋ ಸ್ಕೀ ಬೇಡ ಅಂತಾರೆ, ಯಾಕಂದ್ರೆ ನಾಯಿಯ ಕಾಲು ಕೊಯ್ಯಬಹುದು. ಮನುಷ್ಯನ ಸೊಂಟದ ಬೆಲ್ಟಲ್ಲಿ ತಕ್ಷಣ ಬಿಚ್ಚೋ ಕೊಕ್ಕೆ ಇರುತ್ತೆ. ಈ ವಿನ್ಯಾಸದ ತುಂಬಾ ನಾಯಿಯ ಯೋಚನೆ ಇದೆ.

ಹಾಗಾದ್ರೆ ಎಲ್ಲ ಸರಿನಾ? ಇಲ್ಲ. ಎಳೆಯೋ ಹುಚ್ಚು ಇರೋ ನಾಯಿಗೆ ಸಾಕು ಅನ್ನೋದು ಗೊತ್ತಾಗಲ್ಲ, ಅದೇ ಅಪಾಯ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೊಳ್ಳಬೇಕು. ಹಿಮದ ಮೇಲೂ ಬಿಸಿಲಿದ್ರೆ ಓಡೋ ನಾಯಿಯ ಮೈ ಕಾಯುತ್ತೆ. ಬೆರಳ ಸಂದಿಯಲ್ಲಿ ಮಂಜುಗಡ್ಡೆ ಕಟ್ಟುತ್ತೆ, ಅದಕ್ಕೆ ಕಾಲಿಗೆ ಚೀಲ ತೊಡಿಸ್ತಾರೆ. ಮರಿಗಳಿಗೆ ಮೂಳೆ ಬಲಿಯೋವರೆಗೂ ಭಾರ ಎಳೆಸಬಾರದು. ಇಳಿಜಾರಲ್ಲಂತೂ ಹಗ್ಗ ಸಡಿಲ ಆಗುತ್ತೆ. ಹಿಂದಿರೋನಿಗೆ ಬ್ರೇಕ್ ಹಾಕೋಕೆ ಬರದಿದ್ರೆ ನೇರ ನಾಯಿ ಮೇಲೇ ಹೋಗ್ತಾನೆ. ನಾಯಿಗೆ ಆಸೆ ಇದ್ರೆ ಸಾಲದು, ಮನುಷ್ಯನಿಗೆ ನಿಲ್ಲಿಸೋ ಬುದ್ಧಿ ಇರಬೇಕು.

ಈಗ ನಮ್ಮ ಕಡೆ ಬನ್ನಿ. '777 ಚಾರ್ಲಿ'ಯಲ್ಲಿ ನಾಯಿಗೆ ಹಿಮ ತೋರಿಸೋಕೆ ಧರ್ಮ ಬೈಕಲ್ಲಿ ಉತ್ತರಕ್ಕೆ ಹೊರಟಾಗ ಥಿಯೇಟರಲ್ಲಿ ಅತ್ತವರು ನಾವು. ಹಾಗೆ ಅತ್ತ ಊರಲ್ಲೇ ಹಸ್ಕಿ ಸಾಕೋದು ಫ್ಯಾಷನ್. ಸೈಬೀರಿಯಾದ ಚಳಿಗೆ ಎರಡು ಪದರದ ಕೂದಲು, ಮೈಲಿಗಟ್ಟಲೆ ಎಳೆಯೋ ಕಸುವು ಇರೋ ಪ್ರಾಣಿಯನ್ನ ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟಲ್ಲಿ ಇಟ್ಟು, ಸಂಜೆ ಹತ್ತು ನಿಮಿಷ ವಾಕ್ ಮಾಡಿಸಿ, "ನೋಡಿ ಎಷ್ಟು ಚೆನ್ನಾಗಿ ಸಾಕಿದ್ದೀವಿ" ಅಂತೀವಿ. ಸೋಫಾ ಹರಿದ್ರೆ ಬೈತೀವಿ. ಅದನ್ನ ಯಾರೂ ಕ್ರೌರ್ಯ ಅನ್ನಲ್ಲ, ಪ್ರೀತಿ ಅಂತಾರೆ.

ದುಡಿಸಿದ್ರೆ ಹಿಂಸೆ, ಕೂರಿಸಿ ಉಣಿಸಿದ್ರೆ ಪ್ರೀತಿ ಅನ್ನೋ ಲೆಕ್ಕ ಸರಿಯಿಲ್ಲ. ಆ ನಾಯಿಗೆ ಬೇಕಾದ ಹವೆ, ಓಟ, ಕೆಲಸ ಸಿಗ್ತಿದೆಯಾ, ಬೇಡ ಅಂದಾಗ ನಿಲ್ಲೋಕೆ ಅದಕ್ಕೆ ಆಗುತ್ತಾ ಅಂತ ಕೇಳಬೇಕು. ಮನೆಯಲ್ಲಿ ಈಗಾಗಲೇ ಹಸ್ಕಿ ಇದ್ರೆ ಬೆಳಗಿನ ಜಾವ ಎದ್ದು ಓಡಿಸಿ, ಮಧ್ಯಾಹ್ನ ತಣ್ಣಗೆ ಬಿಡಿ. ಮೊದಲ ಸಂಬಳಕ್ಕೆ ಒಂದು ಹಸ್ಕಿ ಅಂತ ಪ್ಲಾನ್ ಹಾಕಿದವರು ನಮ್ಮ ಕ್ಲಾಸಲ್ಲೇ ಇದ್ದಾರೆ. ಅವರಿಗೆ ಒಂದೇ ಮಾತು: ನೀಲಿ ಕಣ್ಣು ಬೇಕು ಅಂತ ಹಿಮದ ನಾಯಿ ತರಬೇಡ್ರಪ್ಪಾ. ಬೀದಿಯಲ್ಲಿ ನಮ್ಮ ಬಿಸಿಲಿಗೇ ಹುಟ್ಟಿದ ಮರಿಗಳು ಬೇಕಾದಷ್ಟಿವೆ.