ತುಪ್ಪಕ್ಕೂ ಮರೆವಿಗೂ ನಂಟೇ?

ಚಳಿಗೆ ಹೆಪ್ಪುಗಟ್ಟುವ ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ಪರ್ಯಾಪ್ತ ಕೊಬ್ಬೇ ಹೆಚ್ಚು. ಅದು ಅಲ್ಝೈಮರ್ ಕಾಯಿಲೆಗೂ ದಾರಿಯೇ? ಅಮೆರಿಕದ ಷಿಕಾಗೋದಲ್ಲಿ 65 ತುಂಬಿದ, ಕಾಯಿಲೆಯಿಲ್ಲದ 815 ಮಂದಿಯ ಆಹಾರ ದಾಖಲಿಸಿ ಸುಮಾರು ನಾಲ್ಕು ವರ್ಷ ಗಮನಿಸಲಾಯಿತು; 131 ಮಂದಿಗೆ ಕಾಯಿಲೆ ಬಂತು. ಈ ಕೊಬ್ಬನ್ನು ಅತಿ ಹೆಚ್ಚು ತಿನ್ನುತ್ತಿದ್ದ ಐದರಲ್ಲೊಂದು ಪಾಲಿನವರಿಗೆ ಅಪಾಯ, ಅತಿ ಕಡಿಮೆ ತಿನ್ನುತ್ತಿದ್ದವರಿಗಿಂತ 2.2 ಪಟ್ಟು ಎಂದು 2003ರಲ್ಲಿ ವರದಿಯಾಯಿತು. ಹಾಗೆಂದು ಅಜ್ಜನ ತಟ್ಟೆಯ ತುಪ್ಪ ಕಿತ್ತುಕೊಳ್ಳಬೇಡಿ! ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ 5,395 ಮಂದಿಯನ್ನು ಆರು ವರ್ಷ ಗಮನಿಸಿದವರಿಗೆ ಅಂಥ ನಂಟು ಕಂಡಿರಲಿಲ್ಲ. ಅದು 2002ರ ವರದಿ. ಆದರೆ ಈ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟೆರಾಲ್ ಏರಿಸುತ್ತದೆ. ನಡುವಯಸ್ಸಿನಲ್ಲಿ ಅದು ಹೆಚ್ಚಿದ್ದರೆ ಮುಂದೆ ಮರೆಗುಳಿತನದ ಅಪಾಯವೂ ಹೆಚ್ಚೆಂದು 2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಆಯೋಗ ಹೇಳಿತು. ಅಂದರೆ ಅಜ್ಜನಿಗಿಂತ ಮೊದಲು ರಕ್ತಪರೀಕ್ಷೆಗೆ ಹೋಗಬೇಕಾದವರು ಅಪ್ಪ, ಅಮ್ಮ.